ಫಾರೆಸ್ಟ್ ಗುಡ್ಡೆಯಲ್ಲಿ ಇನ್ನೊಂದು

ಜನವರಿ 9, 1983. ಆದಿತ್ಯವಾರ

ಇವತ್ತೂ ಬಿಜೈಯಿಂದ ಕ್ಲಬ್ಬಿನ ವ್ಯಾನು. ಸಂಸಾರ ಸಮೇತ ಫಾರೆಸ್ಟ್ ಗುಡ್ಡೆ ನೋಡ್ಲಿಕ್ಕೆ ಬರುವವರು. ಹದಿನೈದು ದಿನಕ್ಕೊಮ್ಮೆ ಇದೇ ರಗಳೆ. ಗೈಡ್ ಅಂತ ನಾನು ಮುಂದೆ, ನನ್ನ ನಾಯಿ ಬೊಳ್ಳ ನನಗಿಂತ ಮುಂದೆ. ಒಬ್ಬಳು ಹೈಹೀಲ್ಸ್ ಹಾಕಿ ಬಂದಿದ್ಳು. ಬೈದೆ.

ಬುಡದಲ್ಲಿ ಗುಳಿಗನ ಕಲ್ಲು. ಕೈ ಮುಗಿದೇ ಹತ್ತಬೇಕು — ನನ್ನ ರೂಲ್. ಕಲ್ಲಿನ ಹಿಂದಿನ ಸಂದಿಗೆ ಯಾರೂ ಕೈ ಹಾಕುವ ಹಾಗಿಲ್ಲ. ದೈವದ ಜಾಗ. ನಾನೇ ಹುಟ್ಟಿದಂದಿನಿಂದ ಕೈ ಹಾಕಿದವನಲ್ಲ. ಕ್ಲಬ್ಬಿನ ಗ್ಲ್ಯಾಡಿಸ್ ಬಾಯಿಯ ಸಣ್ಣ ಮಗಳು ನೆಲ್ಲಿ ಪ್ರತಿ ಸಲ ಅಲ್ಲಿಗೇ ನುಗ್ಗುವುದು. ಇವತ್ತು ಕೈಗೆ ಒಂದು ಬಿಟ್ಟೆ.

"ಎಂತ ಮಾರಾಯ್ರೆ, ಮಗುವಿಗೆ ಹೊಡೆಯುವುದಾ?"

"ಗುಳಿಗ ಹೊಡೆದ್ರೆ ಇದಕ್ಕಿಂತ ಜೋರು, ಬಾಯಿ."

13, ಗುರುವಾರ

ಬೊಳ್ಳ ಹೋಯ್ತು. ಗುಡ್ಡೆಯಲ್ಲಿ ಢಂ ಅಂತ ಕೇಳಿ ಓಡಿದೆ. ಕೆಳದವಡೆಯೇ ಇಲ್ಲ. ನಾಲಗೆ ನೇತಾಡ್ತಿತ್ತು. ನನ್ನ ಕೈ ನೆಕ್ಕಲಿಕ್ಕೆ ನೋಡಿತು... ಕಲ್ಲೆತ್ತಿ ಹಾಕಿ ನಾನೇ ಮುಗಿಸಿದೆ.

ಕಾಡುಹಂದಿಗೆ ಇಡುವ ಸಿಡಿಮದ್ದಿನ ಉಂಡೆ. ಮೇಲೆ ಕೋಳಿಕರುಳು ಸುತ್ತಿದ್ದು. ಕಚ್ಚಿದ್ರೆ, ಹಿಚುಕಿದ್ರೆ ಸಾಕು, ಸಿಡೀತದೆ. ಯಾರ ಕೆಲಸ ಅಂತ ಗೊತ್ತುಂಟು. ಬೂಬ. ನನ್ನ ಅಕ್ಕ ಮುದ್ದಕ್ಕನ ಮಗ. ದುಬೈ ವೀಸಾ ಬರುವವರೆಗೆ ಹಂದಿಮಾಂಸದ ವ್ಯಾಪಾರ.

14, ಶುಕ್ರವಾರ

ಬೂಬ ಅಂಗಳದಲ್ಲಿ ಕೂತು ಬೀಡಿ ಎಳೀತಿದ್ದ.

"ನಾಯಿಗೆ ಇಟ್ಟದ್ದಲ್ಲ ಮಾಮ. ನಿಮ್ಮ ನಾಯಿಗೆ ಆಸೆ ಜಾಸ್ತಿ."

"ಬೇರೆ ಎಷ್ಟು ಉಂಟು ಗುಡ್ಡೆಯಲ್ಲಿ?"

"ಇನ್ನೊಂದು ಉಂಟು. ಯಾರ ಕೈಯೂ ಹೋಗದ ಕಡೆ ತೆಗೆದಿಟ್ಟಿದ್ದೇನೆ. ಹುಡುಕಿ ನೋಡುವ, ದೊಡ್ಡ ಗೈಡ್ ಅಲ್ವಾ ನೀವು."

ಒನಕೆ ಕೈಗೆ ಸಿಕ್ಕಿತು. ಮೊದಲ ಪೆಟ್ಟು ಅಡ್ಡ ಹಿಡಿದ ಬಲಗೈಗೆ. ಮತ್ತಿನದು ಬಾಯಿಗೆ. ಹಲ್ಲು ಅಂಗಳದ ಸೆಗಣಿಯಲ್ಲಿ ಬಿತ್ತು. ಬಿದ್ದ ಮೇಲೂ ಹೊಡೆದೆ. ಮುದ್ದಕ್ಕ ನನ್ನ ಕೂದಲು ಹಿಡಿದು ಎಳೆದಳು. ನಮ್ಮದು ಅಳಿಯಸಂತಾನ, ಅಕ್ಕನ ಮಗ ಸ್ವಂತ ಮಗನಿಗಿಂತ ಮೇಲೆ. ನಾನು ಸತ್ತರೆ ಯಜಮಾನ ಅವನೇ.

ಇನ್ನೊಂದು ಎಲ್ಲಿ ಅಂತ ಕೇಳಲೇ ಇಲ್ಲ.

19, ಬುಧವಾರ

ಆಸ್ಪತ್ರೆ. ಬೂಬನ ದವಡೆಗೆ ತಂತಿ ಹಾಕಿ ಬಿಗಿದಿದ್ದಾರೆ. ಬಲಗೈಗೆ ಪ್ಲಾಸ್ಟರ್. ಮಾತಿಲ್ಲ, ಬರೆಯಲಿಕ್ಕೂ ಇಲ್ಲ. "ಎಲ್ಲಿಟ್ಟಿದ್ದಿ, ತೋರಿಸು" ಅಂದೆ. ಅತ್ತ. ಪ್ಲಾಸ್ಟರಿನ ಕೈಗೆ ಎಡಗೈ ತಾಗಿಸಿ ಕೈ ಮುಗಿದ. ಪುನಃ ಪುನಃ. ಈಗ ಕ್ಷಮೆ ಬೇಕಂತೆ ನಾಯಿಗೆ ಹುಟ್ಟಿದವನಿಗೆ. "ಬೊಳ್ಳನ ಹತ್ರ ಕೇಳು" ಅಂತ ಎದ್ದು ಬಂದೆ.

22, ಶನಿವಾರ

ದಿನಾ ಗುಡ್ಡೆ ಜಾಲಾಡಿದೆ. ಪೊದೆ, ಹುತ್ತದ ಬುಡ, ಹಂದಿ ನಡೆಯುವ ದಾರಿ. ಮೈಯೆಲ್ಲ ಮುಳ್ಳು ಗೀರಿ ರಕ್ತ. ಸಿಗಲಿಲ್ಲ.

ಕ್ಲಬ್ಬಿನ ಸೆಕ್ರೆಟರಿ ಚಿತ್ತರಂಜನರ ಹೋಟೆಲಿಗೆ ಹೋದೆ. ನಾಳೆ ಬೇಡ, ಕಣಜದ ಗೂಡು ಉಂಟು ಅಂದೆ.

"ಲಾಯ್ಕಾಯ್ತಲ್ಲ ಲೋಕಯ್ಯ. ಮಕ್ಕಳಿಗೆ ದೂರದಿಂದ ತೋರಿಸುವ."

ಮದ್ದು ಅಂತ ಹೇಳಿದ್ರೆ ಪೊಲೀಸು. ಬೂಬ ಜೈಲಿಗೆ, ಮುದ್ದಕ್ಕ ಬಾವಿಗೆ. ಚಾ ಕುಡಿದು ಬಂದೆ.

23, ಆದಿತ್ಯವಾರ, ಬೆಳಿಗ್ಗೆ

ಗುಡ್ಡೆ ಬುಡದಲ್ಲಿ ಕೂತು ಬರೀತಿದ್ದೇನೆ. ಕತ್ತಿ ತಂದಿದ್ದೇನೆ. ಬಂದ್ರೆ ವ್ಯಾನಿನ ಟಯರು ಕಡಿಯುವುದು ಅಂತ.

ಅಭ್ಯಾಸಬಲ, ಗುಳಿಗನಿಗೆ ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ಬೂಬನೂ ಹೀಗೇ... ಕ್ಷಮೆ ಕೇಳಿದ್ದಲ್ಲ ಅವನು. ಜಾಗ ತೋರಿಸಿದ್ದು.

ಬಗ್ಗಿ ನೋಡಿದೆ. ಸಂದಿಯಲ್ಲಿ ಕತ್ತಲೆ. ಕೊಳೆತ ಕರುಳಿನ ವಾಸನೆ, ನೊಣ. ಕೋಲಿನಲ್ಲಿ ತಿವಿದ್ರೆ ಸಿಡಿದು ಕಲ್ಲೇ ಎರಡು ಹೋಳು. ಗುಳಿಗನಿಗೆ ಹಾಗೆ ಮಾಡಿದ್ರೆ ಸಂತಾನ ಉಳಿಯುವುದಿಲ್ಲ. ಮೆಲ್ಲ ಹಿಡಿದು ತೆಗೆಯಬೇಕು.

ವ್ಯಾನು ತಿರುವಿನಲ್ಲಿ ಹಾರ್ನ್ ಹಾಕ್ತಾ ಉಂಟು. ಟಯರು ಕಡಿದ್ರೂ ನೆಲ್ಲಿ ಇಳೀತಾಳೆ. ಇಳಿದ ಕೂಡ್ಲೆ ಓಡಿ ಬರುವುದು ಇಲ್ಲಿಗೇ.

ಎಡಗೈ ಹಾಕುವ ಅಂತ ಕಂಡಿತು — ಹೋದ್ರೆ ಅದು ಹೋಗಲಿ. ಆದ್ರೆ ದೈವಕ್ಕೆ ಎಡಗೈ ಆಗದು. ಬಲಗೈಯೇ ಆಗಬೇಕು. ಪೆನ್ನು ಕೆಳಗೆ