ಕೆಳಗಿನ ಚಿಲಕ

ಅಪ್ಪ,

ಈ ಊರಿನ ಕಣ್ಣಾಸ್ಪತ್ರೆಯವರು ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ಬರೋದೋ ಬಿಡೋದೋ ಅಂತ ನೋಡಿಕೊಂಡು ಹೋಗೋಣವೆಂದು ಎರಡು ದಿನದ ಮಟ್ಟಿಗೆ ಬಂದೆ. ಬೀದಿಗಳು ಅಗಲವಾಗಿವೆ, ಜನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ನಿನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನೀನು ತೀರಿಕೊಂಡ ಸುದ್ದಿ ತಂದ ಲಕೋಟೆಯ ಮೇಲಿದ್ದ ವಿಳಾಸಕ್ಕೂ ಹೋದೆ, ಬಾಡಿಗೆಗೆ ಮನೆ ನೋಡುವ ನೆಪದಲ್ಲಿ. ಮಗಳು ಅಂತ ಹೇಳಲು ಬಾಯಿ ಬರಲಿಲ್ಲ. ಮನೆಯೊಡತಿ ನಲ್ಲಿ, ಕಿಟಕಿ, ಕೊನೆಗೆ ಗೋಡೆಯ ಬಿರುಕನ್ನೂ ಹೊಗಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣು ಬಾಗಿಲ ಮೇಲೆ ನೆಟ್ಟಿತ್ತು. ಮೇಲೊಂದು ಚಿಲಕ, ನನ್ನ ಸೊಂಟದ ಮಟ್ಟಕ್ಕೆ ಇನ್ನೊಂದು. ಏಳು ವರ್ಷದ ನನ್ನನ್ನು ಬಾಗಿಲಿಗೆ ಒರಗಿಸಿ, ಭುಜಕ್ಕೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದು ನಮ್ಮ ಮನೆಗೂ ಒಂದು ಚಿಲಕ ಹಾಕಿದ್ದೆಯಲ್ಲ, ಅದೇ ಎತ್ತರ.

"ಹಿಂದೆ ಒಬ್ಬ ಬಡಗಿ ಇದ್ದ, ಒಂಟಿ ಮನುಷ್ಯ," ಅಂದಳು ಆಕೆ. "ಇದ್ಯಾಕಪ್ಪಾ ಇಷ್ಟು ಕೆಳಗೆ ಅಂದ್ರೆ, ಮಗಳು ಬಂದ್ರೆ ಎಟುಕಬೇಕಲ್ಲಾ ಅಂತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ನಿಮಗೆ ಬೇಡ ಅಂದ್ರೆ ಕೀಳಿಸಿಬಿಡ್ತೀನಿ."

"ಇರಲಿ ಬಿಡಿ," ಅಂದೆ.

ಆಕೆ ಬೀಗದ ಕೈ ತರಲು ಕೆಳಗಿಳಿದಾಗ ಬಾಗಿಲು ಮುಚ್ಚಿ ಕೆಳಗಿನ ಚಿಲಕ ಹಾಕಿ ನೋಡಿದೆ. ನಿನ್ನೆ ತಾನೇ ಎಣ್ಣೆ ಬಿಟ್ಟ ಹಾಗೆ ಸದ್ದಿಲ್ಲದೆ ಜಾರಿತು. ಅಷ್ಟರಲ್ಲಿ ಆಚೆಯಿಂದ ತಟ್ಟಿದ ಸದ್ದು, ಮೂರು ಸಲ. ಆಕೆಯೇ ಅಂತ ಗೊತ್ತಿದ್ದೂ ಉಸಿರು ಬಿಗಿಹಿಡಿದು ನಿಂತುಬಿಟ್ಟೆ.

ನಮ್ಮನ್ನು ಬಿಟ್ಟುಹೋದ ವರ್ಷ ಒಂದು ಮಧ್ಯಾಹ್ನ ಬಂದು ನೀನೂ ಹೀಗೇ ತಟ್ಟಿದ್ದೆ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ತಿರುಗಿಹೋದೆ. ಅಮ್ಮ ಇರಲಿಲ್ಲ, ನಿಜ.

ಚಿಲಕ ನನ್ನ ಕೈಗೆ ಎಟುಕುತ್ತಿತ್ತು, ಅಪ್ಪ.