ಜನಾಜಾದ ಮುಂದೆ ಕೊಟ್ಟ ಮಾತು

ಇಂಡಿ,
೨೯-೭-೨೦೨೫, ಮಂಗಳವಾರ

ಪ್ರೀತಿಯ ಯಾಸೀನನಿಗೆ, ನಿನ್ನ ಭಾಬಿ ಹಜರಾಬಿ ಮಾಡುವ ದುವಾ.

ಹೇಗಿದ್ದೀಯಪ್ಪಾ? ವಾಸ್ಕೋದಲ್ಲಿ ಮಳೆ ಒಂದೇ ಸಮ ಹೊಡೆಯುತ್ತಿದೆಯಂತೆ, ದಾವಲಮಲಿಕ ಹೇಳಿದ. ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಾ ತೊಯ್ದ ಬಟ್ಟೆಯಲ್ಲೇ ದಿನ ಕಳೆಯುತ್ತೀಯೋ ಏನೋ. ನಿನಗೆ ಮೊದಲೇ ಉಬ್ಬಸ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ನೀನಿನ್ನೂ ಐದನೇ ಇಯತ್ತೆ. ಎದೆಗೆ ಎಣ್ಣೆ ತಿಕ್ಕಲು ಬಂದರೆ ಮಂಚದ ಕೆಳಗೆ ಓಡಿ ಅಡಗುತ್ತಿದ್ದೆ. ಈಗ ತಿಕ್ಕುವವರು ಯಾರೂ ಇಲ್ಲ, ನೀನೇ ತಿಕ್ಕಿಕೊ. ಬಿಸಿನೀರು ಕುಡಿ. ಆ ಮೀನಿನ ಸಾರನ್ನು ಮೂರೂ ಹೊತ್ತು ತಿನ್ನಬೇಡ. ಲಿಂಬೆ ಉಪ್ಪಿನಕಾಯಿಯ ಒಂದು ಡಬ್ಬಿ, ಶೇಂಗಾ ಚಟ್ನಿ ಇದರ ಜೊತೆ ಕಳಿಸಿದ್ದೇನೆ. ಕೋಲಿಯಲ್ಲಿರುವ ಹುಡುಗರಿಗೆಲ್ಲ ಹಂಚಿ ಕೂತುಬಿಡಬೇಡ, ನಿನ್ನ ಗುಣ ನನಗೆ ಗೊತ್ತು.

ಇಲ್ಲಿ ನಾವು ಇದ್ದೇವೆ. ಗುಲನಾಜ ವಿಜಯಪುರದ ಹಾಸ್ಟೆಲಿಗೆ ಮರಳಿ ಹೋದಳು, ಫಾರ್ಮಸಿ ಎರಡನೇ ವರ್ಷದ ಫೀಸು ಇನ್ನೂ ಕಟ್ಟಿಲ್ಲ. ಮೆಹಜಬೀನ ಕಾಲೇಜಿಗೆ ಹೋಗುತ್ತಾಳೆ, ಬಂದು ತಂದೆಯ ಚಪ್ಪಲಿ ಒರೆಸಿ ಇಡುತ್ತಾಳೆ. ಬೈಯಲು ಬಾಯಿ ಬರುವುದಿಲ್ಲ. ನಿನ್ನ ಹೆಂಡತಿ ನಿಷತ ಮಕ್ಕಳನ್ನು ಕರೆದುಕೊಂಡು ಸಿಂದಗಿಯಿಂದ ಬಂದು ವಾರ ಇದ್ದು ಹೋದಳು. ನಿಮ್ಮ ಅಣ್ಣನ ನಲವತ್ತನೇ ದಿನದ ಫಾತೆಹಾ ಮುಗಿಯಿತು. ನೀನು ರಜೆ ಸಿಗಲಿಲ್ಲ ಎಂದೆ. ಸಿಗಲಿಲ್ಲವೋ, ಕೇಳಲಿಲ್ಲವೋ, ಅದನ್ನು ನಾನು ಕೆದಕುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮಾಡಿ ಮಾಡಿ ಸಾಕಾಗಿದೆ. ಎತ್ತಿದರೂ "ಭಾಬಿ, ಡ್ಯೂಟಿದಾಗ ಅದೇನಿ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ಈ ಕಾಗದವನ್ನಾದರೆ ಮಧ್ಯದಲ್ಲಿ ಕಟ್ ಮಾಡಲಾರೆ. ನಮ್ಮ ಓಣಿಯ ದಾವಲಮಲಿಕ ನಾಳೆ ಬೆಳಿಗ್ಗೆಯೇ ಗೋವಾ ಬಸ್ಸು ಹೊಡೆದುಕೊಂಡು ಬರುತ್ತಾನೆ, ನಿನ್ನ ಕೈಗೇ ಕೊಡು ಎಂದು ಆಣೆ ಹಾಕಿಸಿದ್ದೇನೆ. ಏಕೆಂದರೆ ನಾಳೆ ಸಂಜೆಯ ಗಾಡಿಗೆ ಇನ್ನೊಬ್ಬನೂ ನಿನ್ನ ಹತ್ತಿರ ಹೊರಟಿದ್ದಾನೆ. ಬಸವಂತರಾಯರ ಗುಮಾಸ್ತ ಕಾಂತು. ಅವನ ಕೈಯಲ್ಲಿ ಒಂದು ಒಪ್ಪಿಗೆ ಪತ್ರ ಇದೆ. ಅದಕ್ಕೆ ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದು, ನನ್ನ ರಾಜಾ. ಅರ್ಧಕ್ಕೆ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳಬೇಡ.

ನಾನು ಇದ್ದತ್ತಿನಲ್ಲಿ ಕೂತಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಹೊಸ್ತಿಲು ನಾನು ದಾಟುವ ಹಾಗಿಲ್ಲ, ನಿಜ, ಆದರೆ ಸಾಲ ಕೇಳುವವರು ಒಳಗೆ ಬರಬಹುದಲ್ಲ! ಬಸವಂತರಾಯರು ದಿನ ಬಿಟ್ಟು ದಿನ ಬರುತ್ತಾರೆ. ಪಡಸಾಲೆಯಲ್ಲಿ ನಿಮ್ಮ ಅಣ್ಣ ಕೂರುತ್ತಿದ್ದ ಜಾಗದಲ್ಲೇ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಪರದೆಯ ಈಚೆ ಇರುವ ನನಗೆ ಕೇಳುವ ಹಾಗೆ ಮಾತಾಡುತ್ತಾರೆ. "ಭಾಬಿ, ನಾ ಏನ್ ಹೊರಗಿನಾಂವ ಅಲ್ಲರಿ. ಗೈಬುಸಾಬ ನನಗ ತಮ್ಮ ಇದ್ದಂಗ ಇದ್ದ. ಅವಸರ ಏನೂ ಇಲ್ರಿ." ಅವಸರ ಇಲ್ಲವೆಂದು ಹೇಳಲು ಇಷ್ಟು ಸಲ ಬರುವ ಮನುಷ್ಯನನ್ನು ನಾನು ಎಲ್ಲೂ ನೋಡಿಲ್ಲ. ಒಂದು ದಿನ ದನಿ ಎತ್ತಿಲ್ಲ, ಒಂದು ಕೆಟ್ಟ ಮಾತು ಆಡಿಲ್ಲ. ಅದಕ್ಕೇ ನನಗೆ ಹೆದರಿಕೆ. ಜಗಳಾಡಿದರೆ ನಾನೂ ಜಗಳಾಡುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಸಾಲ ಸುಳ್ಳೆಂದು ನಾನು ಹೇಳುವುದಿಲ್ಲ. ಹೋದ ವರ್ಷ ನಿಮ್ಮ ಅಣ್ಣ ಬಸವಂತರಾಯರ ಅಡತಿ ಅಂಗಡಿಯಿಂದ ರೊಕ್ಕ ಎತ್ತಿ ಲಿಂಬೆ ತುಂಬಿ ದಿಲ್ಲಿಗೆ ಕಳಿಸಿದರು, ಲಾರಿ ದಾರಿಯಲ್ಲಿ ಕೆಟ್ಟು ನಿಂತು ಮಾಲೆಲ್ಲ ಕೊಳೆಯಿತು. ಹಳೆಯದನ್ನು ತೀರಿಸಲು ಮತ್ತೆ ಅವರಿಂದಲೇ ತಂದರು. ಎದೆಯ ಮೇಲೆ ಆ ಭಾರ ಇತ್ತು, ಎದೆಯೇ ನಿಂತುಹೋಯಿತು. ಕೊಡುವುದು ಇದೆ. ಕೊಡಬೇಕು. ಅದರಲ್ಲಿ ನನಗೂ ನಿನಗೂ ಭೇದ ಇಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಮಣ್ಣಿಗೆ ಒಯ್ಯುವ ಮೊದಲು ಜನಾಜಾ ಇಟ್ಟು ನಮಾಜಿಗೆ ಎಲ್ಲರೂ ಸಾಲಾಗಿ ನಿಂತಾಗ ವಾರಸುದಾರ ಒಬ್ಬ ಮುಂದೆ ಬಂದು, ಸತ್ತವರು ಯಾರಿಗಾದರೂ ಕೊಡುವುದಿದ್ದರೆ ನನಗೆ ಹೇಳಿ, ಇಲ್ಲವೇ ಮಾಫ್ ಮಾಡಿ ಎನ್ನಬೇಕು. ಅದು ನಮ್ಮ ರಿವಾಜು. ನೀನು ಅಂದದ್ದು ಸರಿ. ನಮ್ಮ ಹಿರಿಯ ನಬಿಲಾಲ ಕಾಕಾ ಮನೆಗೆ ಬಂದು ಹೇಳಿದರು, ನಿನ್ನ ದನಿ ನಡುಗುತ್ತಿತ್ತಂತೆ, ನಿಂತವರೆಲ್ಲ ಅತ್ತರಂತೆ. ಒಳಗೆ ಕೂತ ನಾನೂ ಅದನ್ನು ಕೇಳಿ ಅತ್ತೆ, ಎಂಥ ತಮ್ಮ ಎಂದುಕೊಂಡೆ. ಆದರೆ ಅಲ್ಲಿಗೆ ಬಾಯಿ ಮುಚ್ಚಬಾರದಿತ್ತೇನೋ? "ಅಣ್ಣಾರ ವಿಮಾ ರೊಕ್ಕ ಬರೋದೈತಿ, ಅದರಾಗ ಮೊದಲ ಎಲ್ಲಾರದೂ ಮುಟ್ಟಸ್ತೇನಿ" ಎಂದು ಸೇರಿಸಿದೆಯಲ್ಲ, ಅದನ್ನು ಸೇರಿಸು ಎಂದವರು ಯಾರು? ಸಾಲಿನಿಂದ ಆಚೆ ಬೇವಿನ ಮರದ ನೆರಳಿನಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಸವಂತರಾಯರು ನಿಂತಿದ್ದರು. ಅವರು ಅದನ್ನು ಕೇಳಿಸಿಕೊಂಡರು. ಈಗ ಪಡಸಾಲೆಯಲ್ಲಿ ಕೂತು ಅದನ್ನೇ ಹೇಳುತ್ತಾರೆ, "ಯಾಸೀನ ಮಯ್ಯತದ ಮುಂದ ಮಾತ್ ಕೊಟ್ಟಾನರಿ, ನಾ ಕೇಳಿದ್ದಲ್ಲ."

ಅದಕ್ಕೂ ಮೊದಲು, ಜನಾಜಾ ಎತ್ತುವ ಮುನ್ನ, ಒಳಗೆ ಏನು ನಡೆಯಿತು ಎಂದು ನಿನಗೆ ಗೊತ್ತೇ? ಹೆಂಗಸರೆಲ್ಲ ನನ್ನನ್ನು ಹಿಡಿದು ಅವರ ತಲೆದೆಸೆಗೆ ಕೂರಿಸಿ, "ಮೆಹರ್ ಮಾಫ್ ಮಾಡೀನಿ ಅನ್ನು, ಅನ್ನವಾ, ಅವ್ರು ಹಗೂರಾಗಿ ಹೋಗ್ಲಿ" ಎಂದು ಬೆನ್ನು ತಟ್ಟಿದರು. ಮದುವೆಯಲ್ಲಿ ಗೊತ್ತು ಮಾಡಿದ ನನ್ನ ಮೆಹರ್ ಅವರು ಕೊಟ್ಟೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ಅಂದೆ. ಅತ್ತುಕೊಂಡೇ ಅಂದೆ, ಮನಸಾರೆ ಅಂದೆ. ಅವರಿಗೆ ಸಾಲ ಕೊಟ್ಟವರಲ್ಲಿ ಮೊಟ್ಟಮೊದಲು ಬಿಟ್ಟುಕೊಟ್ಟವಳು ನಾನು, ಯಾಸೀನ. ಅದನ್ನು ಯಾರೂ ಪಡಸಾಲೆಯಲ್ಲಿ ಕೂತು ಹೊಗಳಲಿಲ್ಲ. ಹೊಗಳುವುದು ಬೇಡ. ಆದರೆ ನನ್ನದನ್ನು ಬಿಟ್ಟೆ ಎಂದು ನನ್ನ ಮಕ್ಕಳದನ್ನೂ ಬಿಡು ಎಂದರೆ ನಾನು ಕೇಳುವವಳಲ್ಲ.

ಹೌದು, ಮಕ್ಕಳದು. ಇದು ನಿನಗೆ ಸರಿಯಾಗಿ ತಿಳಿಯಲಿ. ಪಾಲಿಸಿ ಮಾಡಿಸಿದ ಏಜೆಂಟ್ ಚನ್ನಬಸಯ್ಯನವರನ್ನು ಕರೆಸಿದ್ದೆ. ಪುಣ್ಯಾತ್ಮ ಅರ್ಧ ತಾಸು ತಮ್ಮ ಮಂಡಿನೋವಿನ ಕಥೆ ಹೇಳಿ ಆಮೇಲೆ ವಿಷಯಕ್ಕೆ ಬಂದರು, ಅದೂ ಆಫೀಸಿಗೆ ಎರಡು ಸಲ ಫೋನ್ ಹಚ್ಚಿ ಕೇಳಿ. ಗುಲನಾಜ ಹುಟ್ಟಿದ ವರ್ಷ ನಿಮ್ಮ ಅಣ್ಣ ಆ ಪಾಲಿಸಿಯನ್ನು ಸಾದಾ ಪಾಲಿಸಿಯಾಗಿ ಮಾಡಿಸಿಲ್ಲ. ಮದುವೆಯಾದ ಹೆಂಗಸರ ಆಸ್ತಿಗೆಂದು ಒಂದು ಹಳೆಯ ಕಾಯ್ದೆ ಇದೆಯಂತೆ. ಅದರ ಪ್ರಕಾರ ಹೆಂಡತಿ ಮಕ್ಕಳ ಹೆಸರಿಗೆ ಮೀಸಲಿಟ್ಟು ಮಾಡಿಸಿದ್ದಾರೆ. "ವೈನಿ, ಕಂತು ಅಷ್ಟ ಅವ್ರು ಕಟ್ಟ್ಯಾರರಿ. ರೊಕ್ಕ ಮೊದಲಿನಿಂದಾನೂ ನಿಮ್ದು, ಹುಡುಗ್ಯಾರ್ದು. ಅವರ ಸಾಲಗಾರರು ಇದಕ್ಕ ಕೈ ಹಚ್ಚಾಕ ಬರೂದಿಲ್ಲ" ಎಂದರು. ಸಾಲ ಮಾಡಿದ ಮೇಲೆ ಮೋಸಕ್ಕೆಂದು ಮಾಡಿಸಿದ್ದರೆ ಮಾತು ಬೇರೆ ಆಗುತ್ತಿತ್ತಂತೆ. ಪಾಲಿಸಿ ಇಪ್ಪತ್ತು ವರ್ಷದ್ದು, ಸಾಲ ಹೋದ ವರ್ಷದ್ದು. ಬಸವಂತರಾಯರು ಕೋರ್ಟಿಗೆ ಹೋದರೂ ಅದು ಅವರಿಗೆ ದಕ್ಕುವುದಿಲ್ಲ.

ಹಾಗಾದರೆ ಹೆದರಿಕೆ ಏಕೆ ಭಾಬಿ ಎನ್ನುತ್ತೀ. ಹೆದರಿಕೆ ನಿನ್ನದೇ ಕಣಪ್ಪಾ. ಅಂಥ ಪಾಲಿಸಿಗೆ ಒಬ್ಬ ಟ್ರಸ್ಟಿಯನ್ನು ಇಡುತ್ತಾರೆ, ರೊಕ್ಕ ಅವನ ಕೈಗೆ ಬಂದು ಅವನಿಂದ ಹೆಂಡತಿ ಮಕ್ಕಳಿಗೆ ಮುಟ್ಟಬೇಕು. ನಿಮ್ಮ ಅಣ್ಣ ನಿನ್ನ ಹೆಸರು ಬರೆಸಿದ್ದಾರೆ. ನೀನಾಗ ಹದಿನೆಂಟು ತುಂಬಿದ ಹುಡುಗ, ಮೀಸೆ ಸರಿಯಾಗಿ ಬಂದಿರಲಿಲ್ಲ. ಚನ್ನಬಸಯ್ಯನವರು "ದೊಡ್ಡಾವ್ರ ಹೆಸರು ಹಾಕ್ರಿ" ಎಂದರಂತೆ. "ಯಾಸೀನ ಇರೂತನಕ ನನ್ನ ಮಕ್ಕಳಿಗೆ ಯಾರ ಭಯಾ ಇಲ್ಲ" ಎಂದು ಹಟ ಹಿಡಿದು ನಿನ್ನದೇ ಹಾಕಿಸಿದರಂತೆ. ಇದು ನನಗೆ ಈಗ ಗೊತ್ತಾಯಿತು. ಕೋರ್ಟು ಕಿತ್ತುಕೊಳ್ಳಲಾಗದ ರೊಕ್ಕ ಹೋಗುವುದಾದರೆ ಒಂದೇ ಕೈಯಿಂದ ಹೋಗಬೇಕು, ಅದು ನಿನ್ನ ಕೈ. ಕಾಂತು ತರುವ ಪತ್ರದಲ್ಲಿ ಇರುವುದೂ ಅದೇ: ರೊಕ್ಕ ನಿನ್ನ ಖಾತೆಗೆ ಬಂದ ಕೂಡಲೇ ಬಸವಂತರಾಯರಿಗೆ ದಾಟಿಸುತ್ತೇನೆ ಎಂದು. ಟ್ರಸ್ಟಿ ಎಂದರೆ ಮಾಲೀಕ ಅಲ್ಲ. ತಂದೆಯಿಲ್ಲದ ಯತೀಮ ಹುಡುಗಿಯರ ರೊಕ್ಕ ಕೊಟ್ಟು ನಿನ್ನ ಮಾತು ಉಳಿಸಿಕೊಳ್ಳುತ್ತೀಯಾ? ಮಾತು ಕೊಟ್ಟವನು ನೀನು, ರೊಕ್ಕ ಅವರದು. ಇದು ಯಾವ ಶರೀಯತ್ತು, ಹೇಳು ನೋಡೋಣ! ನಬಿಲಾಲ ಕಾಕಾನನ್ನೂ ಕೇಳಿದೆ. ಸತ್ತವನ ಸಾಲ ಸತ್ತವನ ಆಸ್ತಿಯಿಂದ ತೀರಬೇಕು, ಯತೀಮರ ಪಾಲಿನಿಂದ ಅಲ್ಲ ಎಂದರು.

ನಿಮ್ಮ ಅಣ್ಣನ ಆಸ್ತಿ ಎಂದರೆ ಟೆಂಪೊ ಇದೆ, ಮಾರುಕಟ್ಟೆಯ ಮಳಿಗೆ ಇದೆ. ನಿನ್ನೆ ಬಸವಂತರಾಯರು ಬಂದಾಗ ಎರಡರ ಕೀಲಿಯನ್ನೂ ಮೆಹಜಬೀನಳ ಕೈಯಲ್ಲಿ ಕೊಟ್ಟು ಪರದೆಯ ಆಚೆ ಕಳಿಸಿದೆ. "ಇಷ್ಟಕ್ಕ ಪೂರಾ ಆಗೂದಿಲ್ರಿ ಭಾಬಿ" ಎಂದರು. ಆಗುವುದಿಲ್ಲ, ನನಗೂ ಗೊತ್ತು. ಉಳಿದದ್ದನ್ನು ನಾನು ತೀರಿಸುತ್ತೇನೆ ಎಂದೆ. ಅವರು ಮೆಲ್ಲಗೆ ನಕ್ಕರು. ಆ ನಗೆಗೆ ನನ್ನ ಮೈಯೆಲ್ಲ ಉರಿಯಿತು. ಇದ್ದತ್ತು ಮುಗಿಯಲಿ, ಲಿಂಬೆ ಆರಿಸುವ ಹೆಂಗಸರ ಜೊತೆ ನಾನೂ ಹೋಗಿ ಕೂರುತ್ತೇನೆ. ಯಾವ ಕಾಯಿ ದಿಲ್ಲಿಗೆ ಹೋಗುತ್ತದೆ, ಯಾವುದು ಉಪ್ಪಿನಕಾಯಿಗೆ ಎಂದು ನಿಮ್ಮ ಅಣ್ಣನಿಗೇ ನಾನು ಹೇಳಿಕೊಟ್ಟವಳು. ನಗುವವರು ಆಗಲೂ ಬಂದು ನಗಲಿ.

ಕಾಂತು ಒಳ್ಳೆಯ ಹುಡುಗ, ಅವನ ಮೇಲೆ ರೇಗಬೇಡ, ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸು. ಇದರ ಜೊತೆ ಚನ್ನಬಸಯ್ಯನವರು ಕೊಟ್ಟ ಕ್ಲೇಮಿನ ಫಾರ್ಮ್ ಇದೆ, ಅದಕ್ಕೆ ಸಹಿ ಹಾಕಿ ದಾವಲಮಲಿಕನ ಕೈಯಲ್ಲೇ ಮರಳಿ ಕೊಡು. ರೊಕ್ಕ ಬಂದ ದಿನವೇ ನಮ್ಮ ಮೂವರ ಖಾತೆಗೆ ಹಾಕು. ಇಷ್ಟೇ. ಜನ ಏನನ್ನುತ್ತಾರೆ ಎಂದು ಯೋಚಿಸಬೇಡ. ಜನ ಏನೂ ಅನ್ನದೇ ಇದ್ದ ದಿನ ಒಂದು ಇದೆಯೇ?

ಅಲ್ಲಾಹ್ ನಿನ್ನನ್ನು ಆ ಎತ್ತರದ ಕಬ್ಬಿಣಗಳ ಕೆಳಗೆ ಕಾಪಾಡಲಿ, ಉಸಿರು ಕಟ್ಟದಂತೆ ಇಡಲಿ. ಹುಡುಗಿಯರು ಚಾಚಾನಿಗೆ ಸಲಾಮ್ ಹೇಳಿದ್ದಾರೆ.

ನಿನ್ನ ಒಳಿತನ್ನೇ ಬೇಡುವ
ಭಾಬಿ, ಹಜರಾಬಿ

ತಾ.ಕ.: ದಾವಲಮಲಿಕ ಬಾಗಿಲಲ್ಲಿ ನಿಂತಿದ್ದಾನೆ, ಆದರೂ ಇದನ್ನು ಬರೆಯದೆ ಕಳಿಸಲಾರೆ. ಬಸವಂತರಾಯರ ಸಾಲಕ್ಕೆ ನೀನು ಜಾಮೀನು ಆಗಿದ್ದೀ, ಆಲಮೇಲದ ನಿನ್ನ ಪಾಲಿನ ಕಬ್ಬಿನ ಹೊಲ ಅದಕ್ಕೆ ಸಿಕ್ಕಿಕೊಂಡಿದೆ. ನಿಷತ ಹೇಳಿದಳು. ರೊಟ್ಟಿ ಬಡಿಯುತ್ತಾ ಕೂತವಳು ಇದ್ದಕ್ಕಿದ್ದಂತೆ ಹಿಟ್ಟಿನ ಕೈಯಲ್ಲೇ ನನ್ನ ಕಾಲು ಹಿಡಿದಳು. ಅವಳನ್ನು ಬೈದರೆ ನೋಡು. ಅಣ್ಣನ ಮೇಲಿನ ಪ್ರೀತಿಗೆ ಜಾಮೀನು ಆದೆ, ಹೊಲ ಹೋಗುತ್ತದೆಂಬ ಭಯಕ್ಕೆ ಜನಾಜಾದ ಮುಂದೆ ಆ ಮಾತು ಆಡಿದೆ. ನನಗೆ ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ, ಎರಡು ದಿನ ನಿನ್ನ ಹೆಸರೆತ್ತಲಿಲ್ಲ. ಈಗ ಇಳಿದಿದೆ. ಹೊಲ ಉಳಿಯುತ್ತದೆ ಎಂದು ನಾನು ನಿನಗೆ ಮಾತು ಕೊಡಲಾರೆ, ಮಾತು ಕೊಡುವುದು ಈ ಮನೆಯಲ್ಲಿ ಸಾಕಾಗಿದೆ. ಉಳಿದ ಸಾಲಕ್ಕೆ ನಿನ್ನ ಜೊತೆ ನಾನು ಇದ್ದೇನೆ, ಅಷ್ಟು ಮಾತ್ರ ನಿಜ. ಇನ್ನೊಂದು. ನಿನ್ನ ಮತ್ತು ಮಕ್ಕಳ ಹೆಸರಿಗೆ ಇಂಥದೇ ಪಾಲಿಸಿ ಮಾಡಿಸಲು ಯಾಸೀನನಿಗೂ ಹೇಳು ಎಂದೆ ಅವಳಿಗೆ. ಟ್ರಸ್ಟಿ ಯಾರನ್ನು ಇಡುತ್ತೀ ಎಂದು ಕೇಳಿದೆ. ಅವಳಿಗೆ ಅಣ್ಣಂದಿರು ಇದ್ದಾರೆ, ಅಪ್ಪ ಇದ್ದಾರೆ. ಆದರೂ ಅವಳು ಕಣ್ಣೊರೆಸಿಕೊಂಡು ನನ್ನ ಹೆಸರು ಹೇಳಿದಳು, ಯಾಸೀನ. ನಿನ್ನ ಅಣ್ಣ ನಿನ್ನ ಹೆಸರು ಹೇಳಿದ ಹಾಗೆ.