ವಟಗುಟ್ಟುವ ಕಾರು

ಸೆಕೆಂಡ್‌ಹ್ಯಾಂಡ್ ಕಾರಿನಂಗಡಿಯ ತಮ್ಮನಿಗೆ,

ನಮಸ್ಕಾರ. ಮೂರು ಸಣ್ಣ ಕಾರುಗಳನ್ನು ಹೋಲಿಸಿ ಹೋಲಿಸಿ ನಿಮ್ಮ ತಲೆ ತಿಂದ ಗಂಡಹೆಂಡತಿ ನೆನಪಿರಬಹುದು. ಮೈಲೇಜಿನಲ್ಲಿ ಬಿಳಿಯದು ಮುಂದು, ಡಿಕ್ಕಿ ನೀಲಿಯದಕ್ಕೆ ದೊಡ್ಡದು. ಎಲ್ಲಕ್ಕಿಂತ ಅಗ್ಗದ ಕೆಂಪು ಕಾರನ್ನು ಮಾತ್ರ ನಮ್ಮ ಯಜಮಾನರು ಒಪ್ಪಲೇ ಇಲ್ಲ. ಓಡಿಸುವವಳು ನಾನು, ಅವರಿಗೆ ಪಕ್ಕದ ಸೀಟೇ ಸಿಂಹಾಸನ. ಅಲ್ಲಿ ಕೂತು ಬೆಲ್ಟ್ ಹಾಕುವುದು ಸ್ವಲ್ಪ ತಡವಾದರೂ ಅದು ಟಿಂಟಿಂ ಎಂದು ಶುರುಮಾಡುತ್ತಿತ್ತು.

“ಇದು ನಿನಗಿಂತ ಜಾಸ್ತಿ ವಟಗುಟ್ಟುತ್ತೆ ಕಣೇ. ಮನೆಗೆ ಒಬ್ಬಳು ಸಾಕು,” ಅಂದರು. ನಗು ತಡೆಯಲು ನೀವು ಪಟ್ಟ ಪಾಡು ನೋಡಿದೆ. ಕೊನೆಗೆ ಬಿಳಿಯದನ್ನೇ ನಮಗೆಂದು ಎತ್ತಿಡಲು ಹೇಳಿ ಬಂದೆವು.

ಈಗ ಅದರ ಬದಲು ಕೆಂಪು ಕಾರು ಕೊಡಿ. ಇನ್ನು ಓಡಾಡುವವಳು ನಾನೊಬ್ಬಳೇ, ಕಾಗದಪತ್ರವೂ ನನ್ನ ಹೆಸರಿಗೇ ಇರಲಿ. ಯಜಮಾನರ ಫೋನಿಗೆ ಕರೆ ಮಾಡಬೇಡಿ. ಮೊನ್ನೆ ಅಲಮಾರಿಯೊಳಗೆ ಅದು ಬಡಿದುಕೊಂಡಾಗ ಎತ್ತುವ ಧೈರ್ಯವಾಗಲಿಲ್ಲ.

ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೂ ಯಾರೋ ಕೂತಿದ್ದಾರೆಂದು ಆ ಕಾರು ಕೂಗುತ್ತದೆ, ಬೇಕಾದರೆ ತಂತಿ ತೆಗೆಸಿಕೊಡುತ್ತೇನೆ ಎಂದಿದ್ದಿರಿ. ದಯವಿಟ್ಟು ತೆಗೆಸಬೇಡಿ. ಅಲ್ಲಿ ಯಾರೋ ಕೂತಿದ್ದಾರೆಂದು ಅದಕ್ಕಾದರೂ ಅನ್ನಿಸಲಿ.

ಇಂತಿ,
ಅವತ್ತು ಸ್ಟೀರಿಂಗ್ ಹಿಡಿದಿದ್ದ ಅಕ್ಕ